ಬ್ಯಾರೆಲ್‌ನಿಂದ ಬಂದ ಹಿತ್ತಾಳೆ ಮಂಕಾಗಿರುವುದೇಕೆ?

ಓದುಗರ ಪ್ರಶ್ನೆ: ಹಿತ್ತಾಳೆಯ ಸಣ್ಣ ಬುಷ್, ನಟ್‌ಗಳ ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು ಚೂರು) ತೆಗೆಯಲು ಚಿಕ್ಕದೊಂದು ಟಂಬ್ಲರ್, ಅಂದರೆ ತಿರುಗುವ ಬ್ಯಾರೆಲ್ ಯಂತ್ರ, ತಂದಿದ್ದೇನೆ. ಸೆರಾಮಿಕ್ ಕಲ್ಲು, ನೀರು, ಸ್ವಲ್ಪ ಸೋಪಿನ ಪುಡಿ ಹಾಕಿ ಆರು ಗಂಟೆ ಓಡಿಸಿದೆ. ಬರ್ ಹೋಗಿದೆ. ಆದರೆ ಜಾಬ್‌ಗಳೆಲ್ಲ (ಒಳಗೆ ಹಾಕಿದ ಬಿಡಿಭಾಗಗಳು) ಬೂದು ಬಣ್ಣಕ್ಕೆ ತಿರುಗಿ ಮಂಕಾಗಿವೆ. ಇನ್ನೂ ಆರು ಗಂಟೆ ಓಡಿಸಿದರೆ ಹೊಳಪು ಬರುತ್ತದೆಯೇ?

ಬರುವುದಿಲ್ಲ. ದಯವಿಟ್ಟು ಓಡಿಸಬೇಡಿ. ಅದೇ ಕಲ್ಲಿನಲ್ಲಿ ಮತ್ತೆ ಆರು ಗಂಟೆ ತಿರುಗಿಸಿದರೆ ಮೂಲೆಗಳು ಇನ್ನಷ್ಟು ಸವೆಯುತ್ತವೆ, ಥ್ರೆಡ್‌ನ ತುದಿ ಮೊಂಡಾಗುತ್ತದೆ, ಕೊನೆಗೆ ಅಳತೆಯ ಗೇಜಿಗೆ ಪಾಸಾಗದ ಜಾಬ್ ಕೈಗೆ ಬರುತ್ತದೆ. ಬಣ್ಣ ಮಾತ್ರ ಬೂದಿಯದೇ.

ತುಂಗೆಯ ದಂಡೆಯಲ್ಲಿ ಒಂದು ಬೆಣಚುಕಲ್ಲು ಎತ್ತಿಕೊಂಡರೆ ವಿಷಯ ಅರ್ಥವಾಗುತ್ತದೆ. ವರ್ಷಗಟ್ಟಲೆ ಉರುಳಿ ಬಂದ ಕಲ್ಲು, ಎಲ್ಲೂ ಮೂಲೆಯಿಲ್ಲ, ಕೈಗೆ ನುಣ್ಣಗಿದೆ. ನೀರಿನಲ್ಲಿದ್ದಾಗ ಹೊಳೆಯುತ್ತದೆ. ಜೇಬಿಗೆ ಹಾಕಿಕೊಂಡು ಮನೆಗೆ ತಂದರೆ ಮಂಕು. ಮರಳು ಅದರ ಮೈಮೇಲೆ ಎಲ್ಲ ದಿಕ್ಕಿಗೂ ಸಣ್ಣ ಸಣ್ಣ ಗೀರು ಎಳೆದಿರುತ್ತದೆ. ನೀರು ಆ ಗೀರುಗಳನ್ನು ತುಂಬಿಕೊಂಡಿರುವಷ್ಟು ಹೊತ್ತು ಹೊಳಪು, ಒಣಗಿದ ಕೂಡಲೇ ಬೆಳಕು ಚೆದುರಿ ಹೋಗುತ್ತದೆ. ನಿಮ್ಮ ಬುಷ್‌ಗೆ ಆಗಿರುವುದೂ ಇದೇ. ಬ್ಯಾರೆಲ್‌ನಿಂದ ಒದ್ದೆಯಾಗಿ ತೆಗೆದಾಗ ಚೆನ್ನಾಗಿಯೇ ಕಂಡಿರಬೇಕು, ಒರೆಸಿದ ಮೇಲೆ ಬೇಸರವಾಗಿರಬೇಕು.

ಬರ್ ಕತ್ತರಿಸುವುದು ಒಂದು ಕೆಲಸ, ಹೊಳಪು ಕೊಡುವುದು ಬೇರೆಯೇ ಕೆಲಸ. ಸೆರಾಮಿಕ್ ಕಲ್ಲಿನೊಳಗೆ ಉಜ್ಜುವ ಹರಳು ಇರುತ್ತದೆ. ಅದು ಕತ್ತರಿಸುತ್ತದೆ, ಅಷ್ಟೇ. ಹೊಳಪಿಗೆ ಬೇಕಾದದ್ದು ಕತ್ತರಿಸದೆ ಒತ್ತುವ ವಸ್ತು. ಅದಕ್ಕಾಗಿಯೇ ಸ್ಟೇನ್‌ಲೆಸ್ ಸ್ಟೀಲಿನ ಬಾಲ್ ಮತ್ತು ಪಿನ್‌ಗಳಿವೆ. ಅವು ಲೋಹವನ್ನು ತೆಗೆಯುವುದಿಲ್ಲ, ಮೇಲ್ಮೈಯ ಸಣ್ಣ ಏರುಗಳನ್ನು ಒತ್ತಿ ಮಟ್ಟಮಾಡುತ್ತವೆ. ಬೆಳ್ಳಿ ಸರಕ್ಕೆ ಮೆರುಗು ಕೊಡುವವರು ಬ್ಯಾರೆಲ್‌ಗೆ ಸ್ಟೀಲ್ ಬಾಲ್ ಹಾಕುವುದೂ ಇದಕ್ಕೇ. ಆದರೆ ದೊಡ್ಡ ಗೀರನ್ನು ಬಾಲ್ ಅಳಿಸಲಾರದು, ಗೀರಿನ ಸಮೇತ ಹೊಳಪಿಸಿಬಿಡುತ್ತದೆ! ಹಾಗಾಗಿ ನಡುವೆ ಪ್ಲಾಸ್ಟಿಕ್ ಮೀಡಿಯಾದ (ಜಾಬ್ ಜತೆ ಹಾಕಿ ತಿರುಗಿಸುವ ತುಂಡುಗಳಿಗೆ ಮೀಡಿಯಾ ಎನ್ನುತ್ತಾರೆ) ಒಂದು ಹಂತ ಬೇಕು. ಹಿತ್ತಾಳೆ, ಅಲ್ಯೂಮಿನಿಯಂನಂಥ ಮೆತ್ತನೆಯ ಲೋಹಕ್ಕೆ ಅದು ಸೆರಾಮಿಕ್‌ಗಿಂತ ಬಹಳ ಹಿತ. ಬರ್ ತೆಳುವಾಗಿದ್ದರೆ ಸೆರಾಮಿಕ್ ಬಿಟ್ಟು ನೇರವಾಗಿ ಪ್ಲಾಸ್ಟಿಕ್‌ನಿಂದಲೇ ಶುರುಮಾಡಬಹುದು. ನನ್ನನ್ನು ಕೇಳಿದರೆ ಹಿತ್ತಾಳೆಗೆ ಅದೇ ಒಳ್ಳೆಯ ದಾರಿ.

ಸ್ಟೀಲ್ ಬಾಲ್ ಕೊಳ್ಳುವ ಮುಂಚೆ ನಿಮ್ಮ ಯಂತ್ರದ ಶಕ್ತಿ ನೋಡಿಕೊಳ್ಳಿ. ಒಂದು ಲೀಟರ್ ಅಳತೆಯ ಸೆರಾಮಿಕ್ ಕಲ್ಲು ಸುಮಾರು ಒಂದೂವರೆ ಕಿಲೋ ತೂಗಿದರೆ, ಅಷ್ಟೇ ಅಳತೆಯ ಸ್ಟೀಲ್ ಬಾಲ್ ನಾಲ್ಕೂವರೆ ಕಿಲೋ ದಾಟುತ್ತದೆ. ಕಲ್ಲಿಗೆಂದು ಮಾಡಿದ ಬೇರಿಂಗ್, ಮೋಟಾರು ಆ ಭಾರಕ್ಕೆ ಸೋಲುತ್ತವೆ.

ಬೂದು ಬಣ್ಣಕ್ಕೆ ಇನ್ನೊಂದು ಕಾರಣವೂ ಇದೆ, ಕೊಳೆ. ಲೇತ್‌ನಿಂದ ಬಂದ ಜಾಬ್ ಮೇಲೆ ಕಟಿಂಗ್ ಆಯಿಲ್ ಇರುತ್ತದೆ. ತೊಳೆಯದೆ ಹಾಕಿದರೆ ಎಣ್ಣೆ, ಕಲ್ಲಿನ ಪುಡಿ, ಹಿತ್ತಾಳೆಯ ಪುಡಿ ಮೂರೂ ಸೇರಿ ಕಾಡಿಗೆಯಂಥ ರಾಡಿಯಾಗುತ್ತದೆ. ಆಮೇಲೆ ಕಲ್ಲು ಆ ರಾಡಿಯನ್ನೇ ಲೋಹಕ್ಕೆ ತಿಕ್ಕುತ್ತಾ ಕೂರುತ್ತದೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ನೀರನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಸೋಪಿನ ಜಾರು ಇದ್ದು ನೊರೆ ನಿಂತಿದ್ದರೆ ಸರಿ. ಅಂಟಂಟಾಗಿ ಕಪ್ಪು ಹಿಡಿದರೆ ನೀರು ಬದಲಿಸಿ. ಒಂದು ಜಾಬ್ ತೆಗೆದು ಬಿಳಿ ಬಟ್ಟೆಗೆ ಉಜ್ಜಿದರೂ ಸಾಕು, ಬಟ್ಟೆಯೇ ಹೇಳುತ್ತದೆ. ಒಂದು ಹಂತ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಜಾಬ್, ಡ್ರಮ್ ಎರಡನ್ನೂ ತೊಳೆಯಲೇಬೇಕು. ಸೆರಾಮಿಕ್‌ನ ಒಂದು ಚೂರು ಸ್ಟೀಲ್ ಬಾಲ್ ಜತೆ ಉಳಿದರೆ ಇಡೀ ಲಾಟಿಗೆ ಗೀರು ಬೀಳುತ್ತದೆ.

ಇನ್ನು ತುಂಬುವ ರೀತಿ. ಜಾಬ್ ಒಂದು ಪಾಲಿದ್ದರೆ ಮೀಡಿಯಾ ಮೂರು ಪಾಲು, ಹೊಳಪಿನ ಹಂತಕ್ಕೆ ಐದು ಪಾಲಾದರೂ ಒಳ್ಳೆಯದು. ಒಂದೇ ಸಲಕ್ಕೆ ಮುಗಿಯಲಿ ಎಂದು ಜಾಬ್ ತುರುಕಿದರೆ ಅವು ಕಲ್ಲಿಗೆ ಉಜ್ಜಿಕೊಳ್ಳುವುದಿಲ್ಲ, ಒಂದಕ್ಕೊಂದು ಬಡಿದುಕೊಂಡು ಗುಳಿ ಬೀಳಿಸಿಕೊಳ್ಳುತ್ತವೆ. ಡ್ರಮ್ಮು ಅರ್ಧ, ಇಲ್ಲವೇ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿರಬೇಕು. ಕೆಲಸ ನಡೆಯುವುದು ಮೇಲಿನಿಂದ ಜಾರಿ ಇಳಿಯುವ ಪದರದಲ್ಲಿ ಮಾತ್ರ. ಪೂರ್ತಿ ತುಂಬಿದರೆ ಜಾರಲು ಜಾಗವೇ ಇರುವುದಿಲ್ಲ. ವೇಗದ ಆಸೆಯೂ ಬೇಡ. 40 ಸೆಂಟಿಮೀಟರ್ ವ್ಯಾಸದ ಡ್ರಮ್ಮು ನಿಮಿಷಕ್ಕೆ 67 ಸುತ್ತಿನ ಹತ್ತಿರ ಹೋದರೆ ಜಾಬ್‌ಗಳು ಗೋಡೆಗೆ ಅಂಟಿಕೊಂಡು ಸುಮ್ಮನೆ ಸುತ್ತುತ್ತವೆ. ಅದರ ಅರ್ಧದ ಆಸುಪಾಸಿನಲ್ಲಿ, 30 ಸುತ್ತಿಗೆ, ಸರಿಯಾಗಿ ಜಾರುತ್ತವೆ. ಕಿವಿಗೂ ಇದು ಗೊತ್ತಾಗುತ್ತದೆ: ಮಳೆ ಹಿಡಿದಂತೆ ಒಂದೇ ಸಮನೆ ಸರ್ರನೆ ಸದ್ದು ಬರಬೇಕು, ಧಡ್ ಧಡ್ ಎಂದರೆ ಜಾಬ್ ಮೇಲಿನಿಂದ ಬೀಳುತ್ತಿದೆ ಎಂದರ್ಥ.

ಬುಷ್ ಎಂದಿರಿ, ತೂತು ಇದ್ದೇ ಇರುತ್ತದೆ. ಮೀಡಿಯಾ ತೂತಿಗಿಂತ ದೊಡ್ಡದಾಗಿರಲಿ, ಇಲ್ಲವೇ ತೂತಿನ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಾಗಿರಲಿ. ನಡುವಿನ ಅಳತೆಯದು ಎರಡೆರಡು ಸೇರಿ ಸಿಕ್ಕಿಕೊಂಡರೆ, ಒಂದೊಂದನ್ನೇ ಕಡ್ಡಿಯಿಂದ ಚುಚ್ಚಿ ತೆಗೆಯುತ್ತಾ ಕೂರಬೇಕಾಗುತ್ತದೆ. ಒಂದು ರಾತ್ರಿಯೆಲ್ಲ ಆ ಕೆಲಸ ಮಾಡಿದ್ದೇನೆ, ಇವತ್ತಿಗೂ ಮರೆತಿಲ್ಲ.

ಬಣ್ಣ ಕಟ್ಟಿದ ಹಿತ್ತಾಳೆಗೆ ನೀರಿನಲ್ಲಿ ಚೂರು ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಬಹುದು. ಹತ್ತು ಲೀಟರಿಗೆ ಎರಡು ಚಮಚ ಸಾಕು. ದೇವರ ಸಾಮಾನಿಗೆ ಹುಣಸೆಹಣ್ಣು ಹಾಕಿ ಬೆಳಗುವುದೂ ಇಂಥದೇ ಹುಳಿಯ ಕೆಲಸ. ಹುಣಸೆಹಣ್ಣು ಹಚ್ಚಿದ ಚೊಂಬನ್ನು ಹಾಗೇ ಬಿಟ್ಟರೆ ಕಲೆಯಾಗುವಂತೆ ಇಲ್ಲೂ ಹೊತ್ತು ಮೀರಿದರೆ ಸತು ಕರಗಿ, ತಾಮ್ರ ಉಳಿದು, ಜಾಬ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಒಂದು ಎಚ್ಚರಿಕೆ. ಮುಂದೆ ಎಂದಾದರೂ ಅಲ್ಯೂಮಿನಿಯಂ ಹಾಕಿದರೆ, ವಾಷಿಂಗ್ ಸೋಡಾದಂಥ ಕ್ಷಾರದ ಪುಡಿ ಬಳಸಿ ಮುಚ್ಚಳ ಬಿಗಿಯಬೇಡಿ. ಅಲ್ಯೂಮಿನಿಯಂ ಕ್ಷಾರದೊಂದಿಗೆ ಸೇರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಾಡದ ಡ್ರಮ್ಮಿನಲ್ಲಿ ಒತ್ತಡ ಏರಿ ಮುಚ್ಚಳ ಸಿಡಿಯಬಹುದು. ಪಕ್ಕದಲ್ಲಿ ಕಿಡಿ ಇದ್ದರೆ ಇನ್ನೂ ಅಪಾಯ.

ಕೊನೆಯ ತೊಳೆತಕ್ಕೆ ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ. ಆರ್‌ಓ ನೀರೋ ಮಳೆನೀರೋ ಬಿಸಿ ಮಾಡಿ ಅದ್ದಿ ತೆಗೆಯಿರಿ. ಒಣಗಿಸಲು ಮೆಕ್ಕೆಜೋಳದ ಬೆಂಡಿನ ತರಿ ಬಹಳ ಚೆನ್ನ. ಅದರಲ್ಲಿ ಜಾಬ್ ಹಾಕಿ ಹತ್ತಿಪ್ಪತ್ತು ನಿಮಿಷ ತಿರುಗಿಸಿದರೆ ನೀರೂ ಹೀರುತ್ತದೆ, ಸ್ವಲ್ಪ ಮೆರುಗೂ ಬರುತ್ತದೆ. ಮೂಗಿಗೆ ಮಾಸ್ಕ್ ಇರಲಿ. ಲೇತ್‌ಗೆ ಬರುವ ಹಿತ್ತಾಳೆ ಸರಳಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಪಾಲು ಸೀಸ ಇರುತ್ತದೆ, ಆ ಧೂಳು ಒಳಗೆ ಹೋಗಬಾರದು.

ಬ್ಯಾರೆಲ್‌ನ ರಾಡಿಯಲ್ಲಿಯೂ ಅದೇ ಸೀಸವಿದೆ. ದಯವಿಟ್ಟು ಮೋರಿಗೆ ಚೆಲ್ಲಬೇಡಿ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿಕೊಂಡಿರುವುದನ್ನು ನೋಡಿದವರು ನಾವು. ಡಬ್ಬದಲ್ಲಿ ಎರಡು ದಿನ ತಂಗಲು ಬಿಟ್ಟು, ಅಡಿಗೆ ಇಳಿದ ಕೆಸರನ್ನು ಬೇರೆ ಮಾಡಿ ಕಟ್ಟಿಡಿ. ಮೇಲಿನ ನೀರು, ಕೆಸರು ಎರಡನ್ನೂ ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರಿಗೇ ಕೊಡಿ.