ಮೆಟ್ಟಿಲ ಬಾಗಿಲಿಗೆ ಇಟ್ಟಿಗೆ ಅಡ್ಡ ಇಡಬೇಡಿ

ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಮೆಟ್ಟಿಲಿಗೆ ಹೋಗುವ ಬಾಗಿಲು ಭಾರವಾಗಿರುತ್ತದೆ. ಒತ್ತಿ ತಳ್ಳಬೇಕು, ಕೈ ಬಿಟ್ಟರೆ ನಿಧಾನವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಎರಡೂ ಕೈಯಲ್ಲಿ ಚೀಲ ಹಿಡಿದು ಬರುವವರಿಗೆ ಇದೊಂದು ಕಿರಿಕಿರಿ. ಹಾಗಾಗಿ ಯಾರೋ ಒಬ್ಬರು ಅದಕ್ಕೆ ಇಟ್ಟಿಗೆ ಅಡ್ಡ ಇಟ್ಟಿರುತ್ತಾರೆ. ಆ ಇಟ್ಟಿಗೆ ಕಂಡರೆ ನನಗೆ ಭಯವಾಗುತ್ತದೆ.

ಬೆಂಕಿ ಬಿದ್ದಾಗ ಸುಟ್ಟು ಸಾಯುವವರಿಗಿಂತ ಹೊಗೆ ಕುಡಿದು ಸಾಯುವವರೇ ಜಾಸ್ತಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಿಸಿ ಹೊಗೆ ಹಗುರ, ಮೇಲಕ್ಕೇ ಏರುತ್ತದೆ. ಮೆಟ್ಟಿಲಿರುವ ಜಾಗವೋ, ನೆಲದಿಂದ ತಾರಸಿಯವರೆಗೆ ನೆಟ್ಟಗೆ ನಿಂತ ಕೊಳವೆ. ಬಾಗಿಲು ತೆರೆದಿದ್ದು ಅದರೊಳಗೆ ಹೊಗೆ ನುಗ್ಗಿದರೆ ಚಿಮಣಿಯೇ ಆಯಿತು. ಜನ ಇಳಿದು ಬರಬೇಕಾದ ದಾರಿಯಲ್ಲೇ ಹೊಗೆ ಹತ್ತಿ ಹೋಗುತ್ತದೆ.

2022ರ ಜನವರಿ 9ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಆಗಿದ್ದು ಇದೇ. 19 ಮಹಡಿಯ ಕಟ್ಟಡ. ಕೆಳಗಿನ ಮನೆಯೊಂದರಲ್ಲಿ ರೂಮ್ ಹೀಟರ್‌ನಿಂದ ಬೆಂಕಿ ಹತ್ತಿತು. ಮನೆಯವರು ಹೊರಗೆ ಓಡಿದರು, ಆದರೆ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಮೇಲೆ 15ನೇ ಮಹಡಿಯಲ್ಲಿ ಮೆಟ್ಟಿಲ ಬಾಗಿಲೂ ತೆರೆದಿತ್ತು. ಬೆಂಕಿ ಆ ಮನೆ ಮತ್ತು ಅದರ ಮುಂದಿನ ಕಾರಿಡಾರ್ ದಾಟಿ ಹೆಚ್ಚು ಹಬ್ಬಲೇ ಇಲ್ಲ. ಹೊಗೆ ಮಾತ್ರ ಕಟ್ಟಡವನ್ನೆಲ್ಲ ತುಂಬಿತು. 17 ಜನ ತೀರಿಕೊಂಡರು, ಅವರಲ್ಲಿ 8 ಮಕ್ಕಳು.

ಹೊರಹೋಗುವ ದಾರಿ ಅಂದರೆ ಸುಮ್ನೆ ಒಂದು ಬಾಗಿಲು ಅಂದುಕೊಳ್ಳುತ್ತೇವೆ, ಅಲ್ವಾ? ಕಟ್ಟಡ ನಿಯಮಗಳು ಅದನ್ನು ಮನೆ ಬಾಗಿಲಿನಿಂದ ಬೀದಿಯವರೆಗಿನ ಇಡೀ ಹಾದಿಯಾಗಿ ನೋಡುತ್ತವೆ. ಅಮೆರಿಕದ ಬಹುಪಾಲು ಕಡೆ ಬಳಸುವ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ, ನಾಲ್ಕು ಅಥವಾ ಹೆಚ್ಚು ಮಹಡಿಗೆ ಏರುವ ಮೆಟ್ಟಿಲ ಸುತ್ತಲಿನ ಗೋಡೆ 2 ಗಂಟೆ ಬೆಂಕಿ ತಡೆಯಬೇಕು. ಎರಡು ಮೆಟ್ಟಿಲಿದ್ದರೆ ಅವು ಪಕ್ಕಪಕ್ಕ ಇರುವಂತಿಲ್ಲ. ಒಂದೇ ಬೆಂಕಿ ಎರಡನ್ನೂ ಮುಚ್ಚಿಬಿಟ್ಟರೆ ಎರಡಿದ್ದೂ ಪ್ರಯೋಜನವಿಲ್ಲವಲ್ಲ.

ಎಷ್ಟು ಮೆಟ್ಟಿಲು ಬೇಕು ಅನ್ನುವುದರಲ್ಲಿ ಒಂದೊಂದು ಊರಿಗೂ ಒಂದೊಂದು ಲೆಕ್ಕ. ಆ ಕೋಡ್ ಸಾಮಾನ್ಯವಾಗಿ 3 ಮಹಡಿಯ ಸಣ್ಣ ವಸತಿ ಕಟ್ಟಡಕ್ಕಷ್ಟೇ ಒಂದೇ ಮೆಟ್ಟಿಲು ಸಾಕು ಅನ್ನುತ್ತದೆ. ಸಿಯಾಟಲ್ ನಗರ ಷರತ್ತು ಹಾಕಿ 6 ಮಹಡಿಯವರೆಗೂ ಒಪ್ಪುತ್ತದೆ. ಒಂದೇ ಮೆಟ್ಟಿಲಾದರೆ ಜಾಗ ಉಳಿಯುತ್ತದೆ, ಮನೆಗಳಿಗೆ ಎರಡು ಕಡೆಯಿಂದ ಗಾಳಿ ಬೆಳಕು ಬರುತ್ತದೆ ಎಂಬ ವಾದದಲ್ಲಿ ಹುರುಳಿದೆ. ಇಂಗ್ಲೆಂಡ್ ಹಿಡಿದಿರುವುದು ಬೇರೆ ದಾರಿ. 2017ರಲ್ಲಿ ಲಂಡನ್ನಿನ 24 ಮಹಡಿಯ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತರು. ಅಲ್ಲಿದ್ದದ್ದು ಒಂದೇ ಮೆಟ್ಟಿಲು. ಈಗ 18 ಮೀಟರ್‌ಗಿಂತ ಎತ್ತರದ ಹೊಸ ವಸತಿ ಕಟ್ಟಡಗಳಿಗೆ ಎರಡನೇ ಮೆಟ್ಟಿಲು ಬೇಕೆಂಬ ನಿಯಮ ತಂದಿದ್ದಾರೆ.

ಎರಡನೇ ಮೆಟ್ಟಿಲು ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಗ್ರೆನ್‌ಫೆಲ್ ತನಿಖೆಯಲ್ಲೇ ಇನ್ನೊಂದು ವಿಷಯ ಹೊರಬಿತ್ತು. ಹಲವು ಮನೆಗಳ ಬಾಗಿಲು ತಾನಾಗಿ ಮುಚ್ಚುವಂತಿರಲಿಲ್ಲ, ಹೊಗೆ ಆ ಮೂಲಕವೂ ಲಾಬಿಗೆ ಬಂದಿತ್ತು. ಎಷ್ಟು ಮೆಟ್ಟಿಲು ಅನ್ನುವಷ್ಟೇ ಜೋರಾಗಿ ಬಾಗಿಲ ಬಗ್ಗೆಯೂ ಮಾತಾಡಬೇಕು.

ಬಾಗಿಲ ಮೇಲ್ತುದಿಯಲ್ಲಿ ಒಂದು ಲೋಹದ ಡಬ್ಬಿ, ಅದಕ್ಕೊಂದು ಮಡಚುವ ತೋಳು ಇರುತ್ತದೆ. ಅದೇ ಡೋರ್ ಕ್ಲೋಸರ್. ನೀವು ಬಾಗಿಲು ತೆರೆದಾಗ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ. ಕೈ ಬಿಟ್ಟಾಗ ಅದು ಬಾಗಿಲನ್ನು ಎಳೆಯುತ್ತದೆ. ಸಣ್ಣ ರಂಧ್ರದಲ್ಲಿ ನುಸುಳುವ ಎಣ್ಣೆ ಆ ವೇಗವನ್ನು ತಡೆಯುತ್ತದೆ, ಹಾಗಾಗಿ ಬಾಗಿಲು ಧಡ್ ಅನ್ನುವುದಿಲ್ಲ. ಎಣ್ಣೆ ಸೋರಿದರೆ ಡಬ್ಬಿಯ ಕೆಳಗೆ ಜಿಡ್ಡು ಕಾಣುತ್ತದೆ. ನಿಮ್ಮ ಮಹಡಿಯಲ್ಲಿ ಅಂಥ ಬಾಗಿಲಿದ್ದರೆ ಇವತ್ತೇ ಹೋಗಿ ನೋಡಿ. ಗೇಣಗಲ ತೆರೆದು ಕೈ ಬಿಡಿ. ಅದು ಬಂದು ಚೌಕಟ್ಟಿಗೆ ತಾಗಿದರೆ ಸಾಲದು, ಲಾಚ್ ಟಕ್ ಅಂತ ಕೂರಬೇಕು.