ವೈಫೈ ನಿಧಾನ ಇದ್ದರೆ ಬದಲಿಸಬೇಕಾದ್ದು ರೂಟರಾ, ಅಡಾಪ್ಟರಾ?

ಪ್ರಶ್ನೆ: ನಮ್ಮ ಮನೆಯಲ್ಲಿ 200 ಎಂಬಿಪಿಎಸ್ ಫೈಬರ್ ಕನೆಕ್ಷನ್ ಇದೆ. ರೂಟರ್ ಇರುವ ಹಾಲ್‌ನಲ್ಲಿ ಮೊಬೈಲ್‌ನಿಂದ ಸ್ಪೀಡ್ ಟೆಸ್ಟ್ ಮಾಡಿದರೆ 180ರವರೆಗೂ ಬರುತ್ತದೆ. ಒಳಗಿನ ರೂಮಿನಲ್ಲಿರುವ ಡೆಸ್ಕ್‌ಟಾಪ್‌ನಲ್ಲಿ ಮಾತ್ರ 30-40 ದಾಟುವುದಿಲ್ಲ. ಅದಕ್ಕೆ ಒಂದು ಚಿಕ್ಕ ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕಿದ್ದೇವೆ. ಹೊಸ ರೂಟರ್ ತಗೊಳ್ಳಬೇಕಾ, ಅಥವಾ ಅಡಾಪ್ಟರ್ ಬದಲಿಸಿದರೆ ಸಾಕಾ?

ಉತ್ತರ: ನೀವು ಕೊಟ್ಟ ಲೆಕ್ಕದಲ್ಲೇ ಅರ್ಧ ಉತ್ತರ ಇದೆ. ಮೊಬೈಲ್‌ಗೆ 180 ಸಿಗುತ್ತಿದೆ ಅಂದರೆ ಹೊರಗಿನಿಂದ ಬರುವ ಲೈನ್ ಸರಿಯಾಗಿದೆ, ರೂಟರ್‌ಗೂ ಅಷ್ಟು ಸ್ಪೀಡ್ ಕೊಡುವ ತಾಕತ್ತಿದೆ. ನನಗೆ ಅನುಮಾನ ಇರುವುದು ಅಡಾಪ್ಟರ್ ಮೇಲೆ. ಆದರೂ ದುಡ್ಡು ಹಾಕುವ ಮುಂಚೆ ಒಂದು ಚಿಕ್ಕ ಪರೀಕ್ಷೆ ಮಾಡಿ. ಅದೇ ಮೊಬೈಲನ್ನು ತಗೊಂಡು ಹೋಗಿ ಡೆಸ್ಕ್‌ಟಾಪ್ ಪಕ್ಕದಲ್ಲೇ ಇಡಿ. ರೂಮಿನ ಬಾಗಿಲು ಯಾವಾಗಲೂ ಹೇಗಿರುತ್ತದೋ ಹಾಗೇ ಇರಲಿ. ಅಲ್ಲಿಂದ ಟೆಸ್ಟ್ ಮಾಡಿ.

ಅಲ್ಲೂ 120-150 ಬಂದರೆ ತಪ್ಪು ಅಡಾಪ್ಟರ್‌ದೇ. ಹೊಸ ರೂಟರ್ ತಂದರೂ ಡೆಸ್ಕ್‌ಟಾಪ್‌ನ ಸ್ಪೀಡ್ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಮೊಬೈಲ್‌ನಲ್ಲೂ 40ಕ್ಕೆ ಬಿದ್ದರೆ ಸಿಗ್ನಲ್ಲೇ ಆ ರೂಮಿಗೆ ಸರಿಯಾಗಿ ತಲುಪುತ್ತಿಲ್ಲ. ಆಗ ಮೊದಲು ರೂಟರ್ ಇಟ್ಟಿರುವ ಜಾಗ ನೋಡಬೇಕು. ಈ ಒಂದು ಪರೀಕ್ಷೆ ಮಾಡದೆ ರೂಟರ್ ಬದಲಿಸಿ, ಆಮೇಲೆ "ಏನೂ ವ್ಯತ್ಯಾಸ ಆಗಲಿಲ್ಲ" ಅನ್ನುವವರು ತುಂಬಾ ಜನ.

ಈಗ ನಿಮ್ಮ 30-40 ಎಲ್ಲಿಂದ ಬಂತು ನೋಡೋಣ. ಹೆಬ್ಬೆರಳ ಉಗುರಿನಷ್ಟು ಚಿಕ್ಕದಾಗಿರುವ ಅಗ್ಗದ ಅಡಾಪ್ಟರ್‌ಗಳಲ್ಲಿ ಬಹಳಷ್ಟು 2009ರ ವೈಫೈ 4 ಅನ್ನುವ ಹಳೆಯ ತಲೆಮಾರಿನ ತಂತ್ರಜ್ಞಾನದವು. ಒಂದೇ ಆಂಟೆನಾ, ಅದೂ 2.4 ಗಿಗಾಹರ್ಟ್ಸ್ ಬ್ಯಾಂಡ್ ಮಾತ್ರ (ಬ್ಯಾಂಡ್ ಅಂದರೆ ವೈಫೈ ಬಳಸುವ ರೇಡಿಯೋ ತರಂಗಗಳ ಪಟ್ಟಿ, ಇನ್ನೊಂದು 5 ಗಿಗಾಹರ್ಟ್ಸ್‌ನದು). ಡಬ್ಬಿಯ ಮೇಲೆ 150 ಎಂಬಿಪಿಎಸ್ ಅಂತ ಬರೆದಿರುತ್ತಾರೆ. ಆ 150 ಬರಬೇಕಾದರೆ ಆ ಬ್ಯಾಂಡ್‌ನೊಳಗೆ 40 ಮೆಗಾಹರ್ಟ್ಸ್ ಅಗಲದ ಚಾನೆಲ್, ಅಂದರೆ ದಾರಿ, ಖಾಲಿ ಸಿಗಬೇಕು. ಅಕ್ಕಪಕ್ಕದ ಮನೆಗಳಲ್ಲೂ ವೈಫೈ ಇದ್ದರೆ ರೂಟರ್ 20 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ. ಆಗ ಆ ಅಡಾಪ್ಟರ್‌ನ ಲಿಂಕ್ ಸ್ಪೀಡ್, ಅಂದರೆ ರೂಟರ್ ಜೊತೆ ಅದು ಒಪ್ಪಿಕೊಂಡ ವೇಗ, ಹೆಚ್ಚೆಂದರೆ 72 ಆಗುತ್ತದೆ. ಲಿಂಕ್ ಸ್ಪೀಡ್‌ನ ಅರ್ಧದಷ್ಟೋ, ಸ್ವಲ್ಪ ಜಾಸ್ತಿಯೋ ಮಾತ್ರ ನಿಜವಾದ ಡೌನ್‌ಲೋಡ್ ಆಗಿ ಕೈಗೆ ಸಿಗುತ್ತದೆ. 72ರ ಅರ್ಧ ಅಂದರೆ 36. ನೀವು ಹೇಳಿದ ಲೆಕ್ಕಕ್ಕೆ ಸರಿಹೋಯ್ತು ಅಲ್ವಾ?

ಇದನ್ನು ನೀವೇ ಖಾತ್ರಿ ಮಾಡಿಕೊಳ್ಳಬಹುದು. ವಿಂಡೋಸ್ 10 ಅಥವಾ 11 ಇದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ವಿಭಾಗದಲ್ಲಿ ವೈಫೈ ಒತ್ತಿ, ನೀವು ಸೇರಿಕೊಂಡಿರುವ ನೆಟ್‌ವರ್ಕ್‌ನ ಪ್ರಾಪರ್ಟೀಸ್ ತೆಗೆಯಿರಿ. ಕೆಳಗೆ ಹೋದರೆ ಪ್ರೊಟೊಕಾಲ್, ನೆಟ್‌ವರ್ಕ್ ಬ್ಯಾಂಡ್, ಲಿಂಕ್ ಸ್ಪೀಡ್ ಅಂತ ಸಾಲುಗಳು ಕಾಣುತ್ತವೆ. ಅಲ್ಲಿ ವೈಫೈ 4, 2.4 ಗಿಗಾಹರ್ಟ್ಸ್, 72 ಅಂತ ಇದ್ದರೆ ಇನ್ನು ಯೋಚನೆ ಬೇಡ, ಅಡಾಪ್ಟರ್ ಬದಲಿಸಿ. ಬ್ಯಾಂಡ್ 5 ಗಿಗಾಹರ್ಟ್ಸ್ ಅಂತಿದ್ದು, ಲಿಂಕ್ ಸ್ಪೀಡ್ 433 ಅಥವಾ 867 ತೋರಿಸಿಯೂ ಟೆಸ್ಟ್‌ನಲ್ಲಿ 40 ಬರುತ್ತಿದ್ದರೆ ತೊಂದರೆ ಬೇರೆ ಎಲ್ಲೋ ಇದೆ. ಡ್ರೈವರ್ (ಅಡಾಪ್ಟರನ್ನು ನಡೆಸುವ ಸಾಫ್ಟ್‌ವೇರ್) ಹಳೆಯದಿರಬಹುದು, ಹಿನ್ನೆಲೆಯಲ್ಲಿ ಏನೋ ಡೌನ್‌ಲೋಡ್ ಆಗುತ್ತಿರಬಹುದು.

ವೈಫೈನಲ್ಲಿ ಎರಡೂ ಕಡೆಯವರಿಗೆ ಗೊತ್ತಿರುವ ಭಾಷೆಯಲ್ಲಷ್ಟೇ ಮಾತು ನಡೆಯುತ್ತದೆ. ರೂಟರ್ ಎಷ್ಟೇ ಹೊಸದಿರಲಿ, ಎದುರಿಗಿರುವ ಅಡಾಪ್ಟರ್ ಹಳೆಯದಾದರೆ ರೂಟರ್ ಅದರ ಮಟ್ಟಕ್ಕೆ ಇಳಿದು ಮಾತಾಡುತ್ತದೆ. ಅಷ್ಟೇ ಅಲ್ಲ, ನಿಧಾನದ ಸಾಧನ ಒಂದು ಫೈಲ್ ಇಳಿಸಿಕೊಳ್ಳಲು ಜಾಸ್ತಿ ಹೊತ್ತು ಚಾನೆಲ್ ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟು ಹೊತ್ತು ಅದೇ ಬ್ಯಾಂಡ್‌ನಲ್ಲಿರುವ ಉಳಿದವರೂ ಕಾಯಬೇಕು. ಒಂದು ಹಳೆಯ ಅಡಾಪ್ಟರ್ ತೆಗೆದರೆ ಮನೆಯ ಬೇರೆ ಸಾಧನಗಳಿಗೂ ಅನುಕೂಲ ಆಗುವುದು ಇದರಿಂದಲೇ.

ಹಾಗಾದರೆ ಯಾವ ಅಡಾಪ್ಟರ್? ಡೆಸ್ಕ್‌ಟಾಪ್‌ಗೆ ನನ್ನ ಮೊದಲ ಆಯ್ಕೆ ಮದರ್‌ಬೋರ್ಡ್ ಮೇಲೆ ಕೂರುವ ಪಿಸಿಐಇ ಕಾರ್ಡ್. ವೈಫೈ 6, ಎರಡು ಆಂಟೆನಾ ಇರುವುದು ಸಾಕು. ಆಂಟೆನಾ ನೇರವಾಗಿ ಕಾರ್ಡ್ ಹಿಂದೆಯೇ ಚುಚ್ಚಿಕೊಳ್ಳುವ ಬದಲು, ಉದ್ದ ವೈರ್ ಇದ್ದು ಮೇಜಿನ ಮೇಲೆ ಇಡುವಂಥದ್ದಾದರೆ ಇನ್ನೂ ಒಳ್ಳೆಯದು. ಕ್ಯಾಬಿನೆಟ್ ಹಿಂಭಾಗ ಗೋಡೆಗೆ ಅಂಟಿಕೊಂಡಿರುತ್ತದೆ, ಮುಂದೆ ಇಡೀ ತಗಡಿನ ಡಬ್ಬ ಅಡ್ಡ ನಿಂತಿರುತ್ತದೆ. ಅಲ್ಲಿ ಆಂಟೆನಾಗೆ ಸಿಗ್ನಲ್ ಸಿಗುವುದೇ ಕಷ್ಟ. ಕಾರ್ಡ್‌ನಲ್ಲಿ ಬ್ಲೂಟೂತ್ ಇದ್ದರೆ ಒಳಗಿನ ಯುಎಸ್‌ಬಿ ಪಿನ್‌ಗಳಿಗೆ ಇನ್ನೊಂದು ವೈರ್ ಹಾಕಬೇಕು. ಇದನ್ನು ಮರೆತು ಬ್ಲೂಟೂತ್ ಬರುತ್ತಿಲ್ಲ ಅಂತ ಕಾರ್ಡ್ ವಾಪಸ್ ಕಳಿಸುವವರೂ ಇದ್ದಾರೆ.

ಕ್ಯಾಬಿನೆಟ್ ಬಿಚ್ಚುವುದು ಬೇಡ ಅಂದರೆ ಯುಎಸ್‌ಬಿ ಅಡಾಪ್ಟರ್ ಆಗುತ್ತದೆ. ಆದರೆ ಉಗುರಿನ ಸೈಜಿನದು ಬೇಡ. ಹೊರಗೆ ಆಂಟೆನಾ ಇರುವ, ಡ್ಯುಯಲ್ ಬ್ಯಾಂಡ್ (2.4, 5 ಎರಡೂ ಇರುವ), ಯುಎಸ್‌ಬಿ 3.0 ಅಡಾಪ್ಟರ್ ನೋಡಿ. ಯುಎಸ್‌ಬಿ 2.0ರ ಮಿತಿ ಕಾಗದದ ಮೇಲೆ 480 ಎಂಬಿಪಿಎಸ್, ಕೈಗೆ ಸಿಗುವುದು 300ರ ಆಸುಪಾಸು. ನಿಮ್ಮ 200ರ ಪ್ಲಾನ್‌ಗೆ ಅದೂ ನಡೆಯುತ್ತದೆ, ಮುಂದೆ ಪ್ಲಾನ್ ಏರಿಸಿದರೆ ಮಾತ್ರ ಇಕ್ಕಟ್ಟು. ಇಲ್ಲಿ ಇನ್ನೊಂದು ವಿಷಯ ತಿಳಿದಿರಲಿ. ಯುಎಸ್‌ಬಿ 3.0 ಪೋರ್ಟ್‌ನಿಂದ 2.4 ಗಿಗಾಹರ್ಟ್ಸ್‌ನ ಹತ್ತಿರವೇ ರೇಡಿಯೋ ಗದ್ದಲ ಏಳುತ್ತದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ತೋರಿಸಿದೆ. ಪಕ್ಕದ ಪೋರ್ಟ್‌ನಲ್ಲಿ ಹಾರ್ಡ್‌ಡಿಸ್ಕ್ ಓಡುತ್ತಿದ್ದರೆ ವೈಫೈ ಕುಸಿಯುವುದು ಇದೇ ಕಾರಣಕ್ಕೆ. ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅಡಾಪ್ಟರನ್ನು ಮೇಜಿನ ಮೇಲೆ ತನ್ನಿ. ಎಷ್ಟೋ ಸಲ ಇಷ್ಟರಲ್ಲೇ ಸ್ಪೀಡ್ ಎದ್ದು ಕಾಣುವಷ್ಟು ಏರುತ್ತದೆ.

ಲ್ಯಾಪ್‌ಟಾಪ್ ಇರುವವರಿಗೂ ಒಂದು ಮಾತು. ಒಳಗಿನ ವೈಫೈ ಕಾರ್ಡನ್ನೇ ಬದಲಿಸಬಹುದಾದ ಮಾಡೆಲ್‌ಗಳು ಬಹಳ ಇವೆ. ಇಂಟೆಲ್ ಎಎಕ್ಸ್210 ಕಾರ್ಡ್, ವೈಫೈ ಕಾರ್ಡ್‌ಗೆಂದೇ ಇರುವ ಮಾಮೂಲಿ ಎಂ.2 ಸ್ಲಾಟ್‌ನಲ್ಲಿ ಕೂರುತ್ತದೆ. ಎಎಕ್ಸ್211 ಮಾತ್ರ ಅದಕ್ಕೆ ಹೊಂದುವ ಇಂಟೆಲ್ ಪ್ರೊಸೆಸರ್ ಮತ್ತು ಬೋರ್ಡ್ ಇದ್ದರಷ್ಟೇ ಕೆಲಸ ಮಾಡುತ್ತದೆ. ನೋಡಲು ಎರಡೂ ಒಂದೇ ಥರ, ಕೊಳ್ಳುವಾಗ ಹುಷಾರು.

ಇನ್ನು ರೂಟರ್. ಪರೀಕ್ಷೆಯಲ್ಲಿ ಮೊಬೈಲ್ ಕೂಡ ಸೋತಿದೆ ಅಂದುಕೊಳ್ಳೋಣ. ಮೊದಲು ರೂಟರ್ ಎಲ್ಲಿದೆ ನೋಡಿ. ಟಿವಿ ಹಿಂದೆ, ಬೀರುವಿನ ಪಕ್ಕ, ನೆಲದ ಮೇಲೆ ಇದ್ದರೆ ತೆಗೆದು ಮನೆಯ ನಡುವಿಗೆ ಹತ್ತಿರವಾಗಿ, ಎದೆಯ ಎತ್ತರಕ್ಕಿಂತ ಮೇಲೆ, ಸುತ್ತ ಖಾಲಿ ಇರುವ ಕಡೆ ಇಡಿ. ಕಾಂಕ್ರೀಟ್ ಗೋಡೆ, ಲೋಹದ ಬೀರು, ದೊಡ್ಡ ಕನ್ನಡಿ, ನೀರು ತುಂಬಿದ ಟ್ಯಾಂಕ್ ಇವೆಲ್ಲ ಸಿಗ್ನಲ್‌ಗೆ ಅಡ್ಡಿ. 5 ಗಿಗಾಹರ್ಟ್ಸ್‌ಗೆ ಈ ಕಾಟ ಜಾಸ್ತಿ. 2.4 ದೂರ ಹೋಗುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಮೈಕ್ರೋವೇವ್ ಒಲೆಯೂ ಅದೇ ಬ್ಯಾಂಡ್‌ನಲ್ಲಿ ಗದ್ದಲ ಮಾಡುತ್ತದೆ.

ಜಾಗ ಬದಲಿಸಿಯೂ ಆಗದಿದ್ದರೆ ಹೊಸ ರೂಟರ್ ನೋಡಬಹುದು. ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಎಸಿ1200 ಅಂದರೆ 2.4ರ 300 ಮತ್ತು 5ರ 867 ಕೂಡಿಸಿ, ಮೇಲಕ್ಕೆ ಎಳೆದು ಬರೆದದ್ದು. ಎಎಕ್ಸ್1800 ಅಂದರೆ 574 ಮತ್ತು 1201. ಒಂದು ಮೊಬೈಲ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಬ್ಯಾಂಡ್ ಬಳಸುವುದರಿಂದ ಆ ಮೊತ್ತ ಅದಕ್ಕೆ ಸಿಗುವುದಿಲ್ಲ. ಅದರ ಬದಲು ರೂಟರ್ ಹಿಂಭಾಗದ ಪೋರ್ಟ್‌ಗಳ ವಿವರ ಓದಿ. ಅಗ್ಗದ ಕೆಲವು ರೂಟರ್‌ಗಳಲ್ಲಿ ವೈಫೈ 1200 ಅಂತ ಇರುತ್ತದೆ, ಇಂಟರ್ನೆಟ್ ಒಳಗೆ ಬರುವ ಪೋರ್ಟ್ ಮಾತ್ರ 100 ಎಂಬಿಪಿಎಸ್‌ನದು. ಅಂಥದ್ದು ತಂದರೆ ನಿಮ್ಮ 200ರ ಲೈನ್ 95ರ ಹತ್ತಿರವೇ ನಿಂತುಬಿಡುತ್ತದೆ. ಎಲ್ಲ ಪೋರ್ಟ್ ಗಿಗಾಬಿಟ್ (1000 ಎಂಬಿಪಿಎಸ್) ಇರಲೇಬೇಕು, ಇದರಲ್ಲಿ ರಾಜಿ ಬೇಡ.

ವೈಫೈ 6 ಡ್ಯುಯಲ್ ಬ್ಯಾಂಡ್ ಈಗ ಒಳ್ಳೆಯ ಆಯ್ಕೆ. ಸಾಧನಗಳು ಜಾಸ್ತಿ ಇರುವ ಮನೆಯಲ್ಲಿ ಎಲ್ಲರಿಗೂ ಸರದಿ ಹಂಚುವುದನ್ನು ಅದು ಹಿಂದಿನವುಗಳಿಗಿಂತ ಚೆನ್ನಾಗಿ ಮಾಡುತ್ತದೆ. 2024ರಿಂದ ವೈಫೈ 7 ಪ್ರಮಾಣಪತ್ರ ಪಡೆದ ಸಾಧನಗಳೂ ಬರುತ್ತಿವೆ. 200ರ ಪ್ಲಾನ್‌ಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಪಾಸ್‌ವರ್ಡ್ ರಕ್ಷಣೆಗೆ ಡಬ್ಲ್ಯೂಪಿಎ3 ಇರಲಿ, ಹಳೆಯ ಸಾಧನಗಳಿದ್ದರೆ ಡಬ್ಲ್ಯೂಪಿಎ2 ಜೊತೆ ಸೇರಿಸಿ ಇಡಬಹುದು.

ಕಂಪನಿಯವರು ಕೊಟ್ಟ ಫೈಬರ್ ಡಬ್ಬಿಯಲ್ಲೇ ವೈಫೈ ಇದ್ದರೆ ಅದನ್ನು ಕಿತ್ತು ಹಾಕಬೇಕಿಲ್ಲ. ಅದರಿಂದ ಒಂದು ಲ್ಯಾನ್ ಕೇಬಲ್ ಎಳೆದು ಹೊಸ ರೂಟರನ್ನು ಒಳಗಿನ ರೂಮಿನ ಹತ್ತಿರ ಇಟ್ಟು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ವೈಫೈ ಸಿಗ್ನಲ್ ಮಾತ್ರ ಕೊಡುವ ಸೆಟ್ಟಿಂಗ್) ಹಾಕಿ. ಐಪಿ ವಿಳಾಸ ಹಂಚುವ ಕೆಲಸ ಹಳೆಯ ಡಬ್ಬಿಯೇ ನೋಡಿಕೊಳ್ಳುತ್ತದೆ, ಎರಡು ರೂಟರ್‌ಗಳ ಜಗಳ ಇರುವುದಿಲ್ಲ. ಗೋಡೆಯ ಸಾಕೆಟ್‌ಗೆ ಚುಚ್ಚುವ ಅಗ್ಗದ ರಿಪೀಟರ್ (ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಸಾಧನ) ಕೊನೆಯ ದಾರಿ. ಒಂದೇ ಬ್ಯಾಂಡ್‌ನಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುವುದರಿಂದ ಸ್ಪೀಡ್ ಅರ್ಧಕ್ಕೆ ಇಳಿಯುತ್ತದೆ. ಹಾಗೆ ನೋಡಿದರೆ, ಡೆಸ್ಕ್‌ಟಾಪ್ ಜಾಗ ಬಿಟ್ಟು ಕದಲುವುದಿಲ್ಲ. ಕೇಬಲ್ ಅಲ್ಲಿವರೆಗೂ ಹೋಗುತ್ತದೆ ಅಂದರೆ ನೇರ ಅದಕ್ಕೇ ಚುಚ್ಚಿ. ಕ್ಯಾಟ್ 5ಇ ಕೇಬಲ್ ಸಾಕು, ಅಡಾಪ್ಟರೇ ಬೇಡ.

ಅಡಾಪ್ಟರೇ ತಗೊಳ್ಳುವುದಾದರೆ, ಹಳೆಯದನ್ನು ಕಿತ್ತು ಹಾಕುವ ಮುಂಚೆಯೇ ಹೊಸದರ ಡ್ರೈವರನ್ನು ತಯಾರಕರ ಸೈಟಿನಿಂದ ಇಳಿಸಿ ಇಟ್ಟುಕೊಳ್ಳಿ. ಕಿತ್ತ ಮೇಲೆ ಕಂಪ್ಯೂಟರ್‌ಗೆ ಇಂಟರ್ನೆಟ್ಟೇ ಇರುವುದಿಲ್ಲ. ಮರೆತರೂ ಚಿಂತೆ ಇಲ್ಲ. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸೇರಿಸಿ ಟೆಥರಿಂಗ್ (ಮೊಬೈಲ್‌ನ ಇಂಟರ್ನೆಟ್ ಹಂಚುವ ಸೌಲಭ್ಯ) ಆನ್ ಮಾಡಿದರೆ ಡ್ರೈವರ್ ಇಳಿಸಿಕೊಳ್ಳುವಷ್ಟು ಇಂಟರ್ನೆಟ್ ಸಿಗುತ್ತದೆ. ಹೊಸದು ಹಾಕಿದ ಮೇಲೆ ಮೊದಲಿನ ಪ್ರಾಪರ್ಟೀಸ್ ಪುಟವನ್ನೇ ಮತ್ತೆ ತೆಗೆದು ಬ್ಯಾಂಡ್ 5 ಗಿಗಾಹರ್ಟ್ಸ್ ಅಂತ ಇದೆಯಾ ನೋಡಿ. ಇನ್ನೂ 2.4 ಅಂತಲೇ ಇದ್ದರೆ ರೂಟರ್‌ನಲ್ಲಿ ಎರಡೂ ಬ್ಯಾಂಡ್‌ಗೆ ಬೇರೆ ಬೇರೆ ಹೆಸರು ಕೊಟ್ಟು, ಡೆಸ್ಕ್‌ಟಾಪನ್ನು 5ರ ಹೆಸರಿಗೆ ಸೇರಿಸಿ.