ಲೆಕ್ಕ ತಪ್ಪದ ಭಾಮಿನಿ, ಅರ್ಥಕ್ಕೆ ತಡವರಿಸುವ ಯಂತ್ರ

ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ. 1, 2, 4 ಮತ್ತು 5ನೇ ಸಾಲುಗಳಲ್ಲಿ 3-4-3-4ರಂತೆ 14 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ 3-4ರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ಯಕ್ಷಗಾನದ ಪದ್ಯ ಕೇಳಿ ಬೆಳೆದವರಿಗೆ ಇದು ಕಿವಿಯಲ್ಲೇ ಇರುತ್ತದೆ, ಬೆರಳು ಮಡಚಿ ಎಣಿಸಬೇಕಿಲ್ಲ. ಚಾಟ್‌ಬಾಟ್‌ಗೆ ಭಾಮಿನಿ ಬರೆಯಲು ಹೇಳಿದರೆ ಸಾಲೇನೋ ಆರು ಬರುತ್ತವೆ, ಮಾತ್ರೆ ಮಾತ್ರ ಆಗಾಗ ಹಳಿ ತಪ್ಪುತ್ತದೆ. ಅದು ಪಠ್ಯವನ್ನು ತುಣುಕುಗಳಾಗಿ ನೋಡಿ ಮುಂದಿನ ತುಣುಕನ್ನು ಊಹಿಸುವ ಯಂತ್ರ. ಆ ತುಣುಕಿಗೂ ನಮ್ಮ ಅಕ್ಷರಕ್ಕೂ ತಾಳೆ ಇಲ್ಲ. ತರ್ಕಾಧಾರಿತ ಕೃತಕ ಬುದ್ಧಿಮತ್ತೆಯ ದಾರಿ ಬೇರೆ. ನಿಯಮಗಳನ್ನು ನಾವೇ ಬರೆದುಕೊಡುತ್ತೇವೆ, ಯಂತ್ರ ಅವಕ್ಕೆ ಒಪ್ಪುವ ಉತ್ತರವನ್ನಷ್ಟೇ ಹುಡುಕುತ್ತದೆ. ನಿಯಮ ಸರಿಯಿದ್ದರೆ ಮಾತ್ರೆ ತಪ್ಪುವ ಪ್ರಶ್ನೆಯೇ ಇಲ್ಲ.

ಹಾಗಾದರೆ ಅದನ್ನು ಕವಿ ಎನ್ನಬಹುದೇ? ಇದನ್ನು ವೇದಿಕೆಯ ಚರ್ಚೆಗೆ ಬಿಡುವ ಬದಲು ಅಂಥದೊಂದು ಪ್ರೋಗ್ರಾಂ ಕಟ್ಟಿ ನೋಡುವುದು ಮೇಲು. ಸುರತ್ಕಲ್, ಮಣಿಪಾಲ, ನಿಟ್ಟೆಯ ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರ್‌ನ ಪ್ರಾಜೆಕ್ಟ್‌ಗೆ ಆಗುವಷ್ಟು ಕೆಲಸ ಇದರಲ್ಲಿದೆ. ಸಾಧನವಾಗಿ ತರ್ಕದ ಪ್ರೋಗ್ರಾಮಿಂಗ್ ಭಾಷೆ ಪ್ರೊಲಾಗ್ ಆದೀತು, ನಿಯಮ ಕೊಟ್ಟರೆ ಒಪ್ಪುವ ಉತ್ತರಗಳನ್ನು ಹುಡುಕಿಕೊಡುವ ಕ್ಲಿಂಗೊ ಇನ್ನೂ ಅನುಕೂಲ.

ಮೊದಲ ಕೆಲಸ ಅಕ್ಷರ ಬಿಡಿಸುವುದು, ಬಹುಪಾಲು ಎಡವಟ್ಟು ಆಗುವುದೂ ಅಲ್ಲೇ. ದೀರ್ಘಸ್ವರ, ಐ, ಔ, ಅನುಸ್ವಾರ, ವಿಸರ್ಗ ಇರುವ ಅಕ್ಷರ ಗುರು. ಮುಂದೆ ಒತ್ತಕ್ಷರ ಬಂದರೆ ಹಿಂದಿನದು ಗುರು. ‘ಧರ್ಮ’ದಲ್ಲಿ ಅರ್ಕಾವತ್ತು ಕಣ್ಣಿಗೆ ಕೊನೆಯಲ್ಲಿ ಕಂಡರೂ ಯೂನಿಕೋಡ್‌ನಲ್ಲಿ ರಕಾರ ಮಕಾರಕ್ಕಿಂತ ಮೊದಲೇ ಇರುತ್ತದೆ. ಹಾಗಾಗಿ ಸಂಕೇತಗಳ ಕ್ರಮವನ್ನು ಓದಬೇಕು, ಅಚ್ಚಿನ ರೂಪವನ್ನಲ್ಲ. ಟೈಪ್ ಮಾಡುವಾಗ ನಡುವೆ ನುಸುಳುವ ಕಣ್ಣಿಗೆ ಕಾಣದ ಜೋಡಕ ಸಂಕೇತಗಳನ್ನು ಮೊದಲೇ ಸೋಸಿ ತೆಗೆಯದಿದ್ದರೆ ಒತ್ತಕ್ಷರ ಎರಡು ತುಂಡಾಗಿ ಲೆಕ್ಕ ಕೆಡುತ್ತದೆ. ಹಳಗನ್ನಡದ ಪದ ಸೇರಿಸಿಕೊಂಡರೆ ಶಿಥಿಲದ್ವಿತ್ವ ಎಂಬ ಇನ್ನೊಂದು ತಲೆನೋವು: ಅಲ್ಲಿ ಒತ್ತಕ್ಷರ ತೇಲಿ ಉಚ್ಚಾರವಾಗುವುದರಿಂದ ಹಿಂದಿನದು ಲಘುವಾಗಿಯೇ (ಒಂದೇ ಮಾತ್ರೆಯಾಗಿ) ಉಳಿಯುತ್ತದೆ. ಅಂಥ ಪದಗಳನ್ನು ಪಟ್ಟಿ ಮಾಡಿ ಕೊಡದೆ ಬೇರೆ ಉಪಾಯವಿಲ್ಲ.

ಮುಂದಿನದು ಗಣ, ಅಂದರೆ ಮೂರು ಇಲ್ಲವೇ ನಾಲ್ಕು ಮಾತ್ರೆಯ ಗುಂಪು. 14 ಮಾತ್ರೆಯ ಸಾಲನ್ನು ಬರೀ ಲಘು-ಗುರುಗಳಾಗಿ ಜೋಡಿಸಲು 610 ದಾರಿಗಳಿವೆ. 3-4-3-4ರ ಕಟ್ಟು ಹಾಕಿದರೆ ಉಳಿಯುವುದು 225. ಗಣದ ಆರಂಭದಲ್ಲಿ ಲಘುವಿನ ಬೆನ್ನಿಗೆ ಗುರು ಬಂದರೆ ಓಟ ಮುಗ್ಗರಿಸುತ್ತದೆ, ಅದನ್ನು ತಳ್ಳಿಹಾಕಿದರೆ 64. ಈ ನಿಯಮದ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ. ‘ಸಮುದ್ರ’ ಅಂದರೆ ಲಘು-ಗುರು-ಲಘು, ನಾಲ್ಕು ಮಾತ್ರೆ. ಆದರೆ ಅದು ಇಡಿಯಾಗಿ ನಾಲ್ಕು ಮಾತ್ರೆಯ ಗಣದಲ್ಲಿ ಕೂರಲಾರದು. ಅದನ್ನು ಮುರಿಯಲೇಬೇಕು: ‘ಸ’ ಹಿಂದಿನ ಗಣಕ್ಕೆ ಹೋಗಿ, ‘ಮುದ್ರ’ ಮೂರು ಮಾತ್ರೆಯ ಗಣಕ್ಕೆ ಬರಬಹುದು. ‘ಕಡಲು’ ಆದರೆ ತಂಟೆಯೇ ಇಲ್ಲ. ‘ಉಡುಪಿ’ ಮೂರು ಮಾತ್ರೆಯ ಗಣಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ, ‘ಮಂಗಳೂರ’ನ್ನು ‘ಮಂಗ’ ‘ಳೂರು’ ಎಂದು ಮುರಿಯದೆ ಗತಿಯಿಲ್ಲ. ಮಂಗಳೂರಿನವರು ಬೇಸರಿಸಬಾರದು.

ಒಂದು ಪದ್ಯಕ್ಕೆ ಹೀಗೆ 64ರ ಸಾಲು ನಾಲ್ಕು, 512ರ (3-4ರ ಜೋಡಿಗೆ 8ರಂತೆ ಮೂರು ಸಲ ಗುಣಿಸಿದ) ಉದ್ದ ಸಾಲು ಎರಡು: ಎಲ್ಲ ಗುಣಿಸಿದರೆ ಸುಮಾರು 4.4 ಲಕ್ಷ ಕೋಟಿ ವಿನ್ಯಾಸ. ಆದಿಪ್ರಾಸಕ್ಕಾಗಿ (ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರುವುದು) ಆರೂ ಸಾಲಿನ ಮೊದಲ ಅಕ್ಷರ ಒಂದೋ ಎಲ್ಲವೂ ಲಘು, ಇಲ್ಲವೇ ಎಲ್ಲವೂ ಗುರು ಆಗಲೇಬೇಕು. ಆಗ 32ರಲ್ಲಿ ಒಂದು ಪಾಲು, ಅಂದರೆ ಸುಮಾರು 13,744 ಕೋಟಿ ಉಳಿಯುತ್ತದೆ. ಇವು ಇನ್ನೂ ಪದ ತುಂಬದ ಖಾಲಿ ಅಚ್ಚುಗಳು.

ಪದ ತುಂಬುವಾಗ ಹೊಸಬರು ಮಾಡುವ ತಪ್ಪು, 5,000 ಪದಗಳ ಕೋಶವನ್ನು ಹಾಗೇ ಸುರಿಯುವುದು. ಯಾವ ಪದದ ಪಕ್ಕ ಯಾವುದು ಬರಬಹುದು ಎಂಬ ಒಂದೇ ನಿಯಮಕ್ಕೆ 5,000ವನ್ನು 5,000ದಿಂದ ಗುಣಿಸಿ 2.5 ಕೋಟಿ ಜೋಡಿಗಳಾಗುತ್ತವೆ, ಅದೂ ಪ್ರತಿ ಸ್ಥಾನಕ್ಕೆ. ಹುಡುಕಾಟ ಶುರುವಾಗುವ ಮೊದಲೇ ಲ್ಯಾಪ್‌ಟಾಪಿನ ಮೆಮೊರಿ ಮುಗಿಯುತ್ತದೆ. ಮೊದಲು ಲಘು-ಗುರುವಿನ ಅಚ್ಚು ನಿಶ್ಚಯಿಸಿ, ಆಮೇಲೆ ಅದೇ ತೂಕದ ಪದಗಳನ್ನಷ್ಟೇ ಕರೆಯಬೇಕು. ಇನ್ನೊಂದು ತಪ್ಪು, ಸಾಲು ಮುಗಿದಲ್ಲಿ ಪದವೂ ಮುಗಿಯಬೇಕೆಂದು ಬರೆಯುವುದು. ಷಟ್ಪದಿಯಲ್ಲಿ ಪದ ಮುರಿದು ಮುಂದಿನ ಸಾಲಿಗೆ ದಾಟುವುದು ಮಾಮೂಲು. ಆ ದಾರಿ ಮುಚ್ಚಿದರೆ ಒಳ್ಳೊಳ್ಳೆಯ ಪದ್ಯಗಳೇ ಹೊರಗುಳಿಯುತ್ತವೆ.

ಎಲ್ಲ ಸರಿಯಾದ ಮೇಲೆ ಬರುವುದೇನು? ‘ಕಡಲ ತೆರೆಗಳು ಮೊರೆದು ಬರುತಿರೆ / ಬಡಗು ಗಾಳಿಗೆ ದೋಣಿ ಸಾಗಿರೆ’ ಎಂಬಂಥದ್ದು ಬರಬಹುದು. ‘ಬಳಿಕ ತಾನೇ ಬಳಿಕ ತಾನೇ’ ಕೂಡ ಬರಬಹುದು. ಎರಡೂ 14 ಮಾತ್ರೆ, ಎರಡೂ ಪಾಸು. ಯಂತ್ರಕ್ಕೆ ‘ಬಳಿಕ’ದಂಥ ತುಂಬುಪದ ಕಂಡರೆ ಪ್ರೀತಿ, ಎಲ್ಲಿ ಬೇಕಾದರೂ ತುರುಕಬಹುದಲ್ಲ. (ಮನುಷ್ಯರೂ ಇದರಲ್ಲಿ ಹಿಂದೆ ಬಿದ್ದವರಲ್ಲ.) ತುಂಬುಪದ ಕಡಿಮೆ ಮಾಡೆಂದು ದಂಡ ಹಾಕಿದರೆ ಉದ್ದುದ್ದ ಸಂಸ್ಕೃತ ಸಮಾಸಗಳಿಗೆ ಜಿಗಿಯುತ್ತದೆ. ಸಮಾಸಕ್ಕೂ ದಂಡ ಹಾಕಿದರೆ ಒಂದೇ ಕ್ರಿಯಾಪದವನ್ನು ಹಿಡಿದು ಜಗ್ಗುತ್ತದೆ. ಹತ್ತು ಉತ್ತರ ಕೇಳಿದರೆ ಹತ್ತರಲ್ಲೂ ಬದಲಾಗುವುದು ಒಂದೆರಡು ಪದ, ಏಕೆಂದರೆ ಹುಡುಕಾಟ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಹಿಂದಿನ ಉತ್ತರಕ್ಕಿಂತ ಕನಿಷ್ಠ ಇಷ್ಟು ಪದ ಬೇರೆ ಇರಲಿ ಎಂದು ಅಂತರದ ನಿಯಮವನ್ನೂ ಬರೆಯಬೇಕಾಗುತ್ತದೆ. ಹೀಗೆ ಒಂದೊಂದು ದಂಡ ಸೇರಿಸುವಾಗಲೂ ರುಚಿ ನಮ್ಮದು, ದುಡಿಮೆ ಅದರದ್ದು.

ಆದರೆ ಇಷ್ಟಕ್ಕೇ ‘ಯಂತ್ರದಲ್ಲಿ ಹೊಸತೇನಿಲ್ಲ, ನಾವು ಹಾಕಿದ್ದೇ ಹೊರಗೆ ಬಂತು’ ಎಂದು ಕೈ ತೊಳೆದುಕೊಳ್ಳುವುದು ಸೋಮಾರಿತನ. ಗಣಿತಜ್ಞ ಹರ್ಬರ್ಟ್ ರಾಬಿನ್ಸ್ 1930ರ ದಶಕದಲ್ಲಿ ಎತ್ತಿದ ಬೀಜಗಣಿತದ ಪ್ರಶ್ನೆಯೊಂದು ದೊಡ್ಡ ಗಣಿತಜ್ಞರಿಗೂ ಬಗ್ಗದೆ ದಶಕಗಳ ಕಾಲ ಉಳಿದಿತ್ತು. 1996ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ವಿಲಿಯಂ ಮೆಕ್ಯೂನ್ ಬರೆದ ಇಕ್ಯೂಪಿ ಎಂಬ ಸಾಧಕ ಪ್ರೋಗ್ರಾಂ ಸುಮಾರು ಎಂಟು ದಿನ ಓಡಿ ಅದನ್ನು ಸಾಧಿಸಿತು. ಉತ್ತರ ಆಧಾರವಾಕ್ಯಗಳಲ್ಲೇ ಅಡಗಿತ್ತು, ನಿಜ. ಹೊಗೆಯಿಂದ ಬೆಂಕಿಯನ್ನು ಊಹಿಸುವಾಗಲೂ ಬೆಂಕಿ ವ್ಯಾಪ್ತಿಯಲ್ಲೇ (‘ಹೊಗೆ ಇದ್ದಲ್ಲೆಲ್ಲ ಬೆಂಕಿ’ ಎಂಬ ನಿಯಮದಲ್ಲೇ) ಅಡಗಿರುತ್ತದೆ ಎಂದು ತರ್ಕ ಓದಿದವರಿಗೆ ಗೊತ್ತು. ಅಡಗಿದ್ದನ್ನು ಯಾರೂ ಕಾಣದಾಗ ಕಂಡದ್ದಕ್ಕೆ ಬೆಲೆ ಇಲ್ಲವೆಂದರೆ ಗಣಿತಜ್ಞರೆಲ್ಲ ಮನೆಗೆ ಹೋಗಬೇಕಾಗುತ್ತದೆ. ಬುದ್ಧಿ ಮತ್ತು ಯಂತ್ರಗಳ ಬಗ್ಗೆ ಬರೆದ ತತ್ವಜ್ಞಾನಿ ಮಾರ್ಗರೆಟ್ ಬೋಡನ್ ಸೃಜನಶೀಲತೆಯನ್ನು ಮೂರು ಬಗೆ ಮಾಡಿದ್ದರು: ತಿಳಿದದ್ದನ್ನು ಹೊಸದಾಗಿ ಬೆಸೆಯುವುದು, ನಿಯಮದ ಬಯಲನ್ನು ಶೋಧಿಸುವುದು, ಬಯಲಿನ ಬೇಲಿಯನ್ನೇ ಬದಲಿಸುವುದು. ಎರಡನೆಯದರಲ್ಲಿ ತರ್ಕಯಂತ್ರಕ್ಕೆ ಪೂರ್ಣ ಅಂಕ ಕೊಡಲು ಹಿಂಜರಿಕೆ ಬೇಡ. ತಕರಾರು ಇರುವುದು ಮೂರನೆಯದರಲ್ಲಿ.

ಅದನ್ನು ವೇಷ, ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯಲ್ಲಿಟ್ಟು ನೋಡೋಣ. ವಾಲಿ ಬೀಳುತ್ತಾನೆ ಎಂಬುದು ಮೊದಲೇ ತೀರ್ಮಾನ. ಪದ್ಯವನ್ನು ಭಾಗವತರು ಹೇಳಿಯಾಗಿದೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳಿಗೆ ಉಳಿದದ್ದು ವಾದ. ಕಂಪ್ಯೂಟರ್ ವಿಜ್ಞಾನಿ ಫಾನ್ ಮಿನ್ ಡುಂಗ್ 1995ರಲ್ಲಿ ವಾದಗಳಿಗೊಂದು ಗಣಿತದ ಚೌಕಟ್ಟು ಕೊಟ್ಟರು: ವಾದಗಳು ಬಿಂದುಗಳು, ಒಂದು ಇನ್ನೊಂದನ್ನು ಖಂಡಿಸಿದರೆ ಬಾಣ, ಒಟ್ಟಿಗೆ ನಿಲ್ಲಬಲ್ಲ ವಾದಗಳ ಗುಂಪನ್ನು ಯಂತ್ರ ಲೆಕ್ಕ ಹಾಕುತ್ತದೆ. ಕ್ಲಿಂಗೊದಲ್ಲಿ ಇದು ಹತ್ತು ಸಾಲಿನ ಒಳಗಿನ ಕೆಲಸ.

ವಾಲಿಯ ವಾದ: ಮರೆಯಲ್ಲಿ ನಿಂತು ಹೊಡೆದದ್ದು ಯುದ್ಧಧರ್ಮವಲ್ಲ. ರಾಮನ ಒಂದು ಉತ್ತರ: ನೀನು ಮೃಗ, ಬೇಟೆಗೆ ಮರೆ ದೋಷವಲ್ಲ. ಇನ್ನೊಂದು: ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದಕ್ಕೆ ಇದು ದಂಡನೆ. ಇಷ್ಟನ್ನೂ, ಜತೆಗೆ ‘ಧರ್ಮಶಾಸ್ತ್ರಕ್ಕೆ ಒಳಪಟ್ಟವನು ಮೃಗವಲ್ಲ’ ಎಂಬ ಒಂದು ನಿಯಮವನ್ನೂ ಬರೆದುಕೊಟ್ಟರೆ, ರಾಮನ ಎರಡು ಉತ್ತರಗಳು ಒಟ್ಟಿಗೆ ನಿಲ್ಲವು ಎಂದು ಯಂತ್ರ ಕ್ಷಣದಲ್ಲಿ ಹೇಳುತ್ತದೆ. ಮೃಗವಾದರೆ ವ್ಯಭಿಚಾರದ ಮಾತೇಕೆ, ಧರ್ಮಕ್ಕೆ ಒಳಪಟ್ಟವನಾದರೆ ಎದುರು ನಿಲ್ಲಲಿಲ್ಲವೇಕೆ? ಪಳಗಿದ ಅರ್ಥಧಾರಿ ವಾಲಿಯಾಗಿ ಹಿಡಿಯುವ ಪಟ್ಟೂ ಇದೇ. ಇಲ್ಲಿಯವರೆಗೆ ಯಂತ್ರ ಸಮಜೋಡಿ.

ಈಗ ರಾಮ ಉತ್ತರಿಸಬೇಕು. ‘ದಂಡನೆ ಬೇರೆ, ಯುದ್ಧ ಬೇರೆ, ಅಪರಾಧಿಗೆ ಎದುರು ನಿಲ್ಲುವ ಹಂಗು ದೊರೆಗಿಲ್ಲ’ ಎಂದರೆ ಗಂಟು ಬಿಚ್ಚುತ್ತದೆ. ಆದರೆ ಈ ವಾಕ್ಯ ಯಂತ್ರದ ಆಧಾರದಲ್ಲಿ ಇರಲಿಲ್ಲ. ಇದ್ದ ವಾಕ್ಯಗಳನ್ನು ಎಷ್ಟು ಕಡೆದರೂ ಇದು ಹುಟ್ಟುವುದಿಲ್ಲ. ಸಾಧ್ಯ ಊಹೆಗಳ ಪಟ್ಟಿಯನ್ನು ಮೊದಲೇ ಕೊಟ್ಟರೆ ಅದರಿಂದ ತಕ್ಕದ್ದನ್ನು ಆರಿಸುವ ವಿಧಾನ ತರ್ಕದಲ್ಲಿದೆ. ಪಟ್ಟಿ ಬರೆದವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ರೇಖಾಗಣಿತದಲ್ಲೂ ತೊಡಕು ಇದೇ. ಚಿತ್ರದಲ್ಲಿಲ್ಲದ ಹೊಸ ಬಿಂದುವೊಂದನ್ನು ಇಟ್ಟರೆ ಮಾತ್ರ ಬಿಡಿಸಲಾಗುವ ಲೆಕ್ಕಗಳಿರುತ್ತವೆ. 2024ರಲ್ಲಿ ಪ್ರಕಟವಾದ ಗೂಗಲ್ ಡೀಪ್‌ಮೈಂಡ್‌ನ ಆಲ್ಫಾಜಿಯೊಮೆಟ್ರಿಯ ಪರೀಕ್ಷೆಯಲ್ಲಿ, 30 ಒಲಿಂಪಿಯಾಡ್ ಲೆಕ್ಕಗಳಲ್ಲಿ ತರ್ಕದ ಭಾಗ ಒಂದೇ ಬಿಡಿಸಿದ್ದು 14. ಹೊಸ ಬಿಂದು ಸೂಚಿಸುವ ಭಾಷಾ ಮಾದರಿಯೊಂದನ್ನು ಜತೆಗೆ ಕೂರಿಸಿದಾಗ 25. ಒಂದು ಸೂಚಿಸುತ್ತದೆ, ಇನ್ನೊಂದು ಪರೀಕ್ಷಿಸುತ್ತದೆ.

ತಾಳಮದ್ದಳೆಗೂ ಇದೇ ಜೋಡಿ ಹೂಡಬಹುದು. ಭಾಷಾ ಮಾದರಿ ಹೊಸ ಆಧಾರವಾಕ್ಯ ತರಲಿ, ಹಿಂದೆ ಆಡಿದ ಮಾತಿಗೆ ಅದು ಅಡ್ಡ ಬರುತ್ತದೆಯೇ ಎಂದು ತರ್ಕ ನೋಡಲಿ. ಕಟ್ಟುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು: ಅಡ್ಡ ಬಾರದ ವಾಕ್ಯಗಳಲ್ಲಿ ಹೆಚ್ಚಿನವು ಸಪ್ಪೆ, ಏಕೆಂದರೆ ಏನನ್ನೂ ಹೇಳದ ಮಾತು ಯಾವುದಕ್ಕೂ ಅಡ್ಡ ಬರುವುದಿಲ್ಲ. ಆದ್ದರಿಂದ ಎದುರಾಳಿಯ ಒಂದಾದರೂ ವಾದವನ್ನು ಉರುಳಿಸುವ ವಾಕ್ಯವನ್ನಷ್ಟೇ ಒಳಗೆ ಬಿಡಬೇಕು. ಹಾಗೆ ಸೋಸಿದ ಮೇಲೂ ಐದಾರು ಉಳಿದರೆ, ಅಣ್ಣತಮ್ಮಂದಿರ ಪಾಲುಪಟ್ಟಿಯ ಜಗಳ ಕೋರ್ಟಿನಲ್ಲಿ ಇರುವವರೇ ಮುಂದಿನ ಸಾಲಿನಲ್ಲಿ ಕೂತ ಊರಿನಲ್ಲಿ ಯಾವುದನ್ನು ಎತ್ತಬೇಕು, ಯಾವುದನ್ನು ನುಂಗಬೇಕು ಎಂಬ ನಿಯಮವನ್ನು ಕ್ಲಿಂಗೊಗೆ ಬರೆದುಕೊಡುವ ಅರ್ಥಧಾರಿಯನ್ನು ಮೊದಲು ಹುಡುಕಬೇಕು.